ಗೆರೆಯ ಮಾನ

ಮಿರಜ್
28 ನವೆಂಬರ್ 2024

ಚಿ. ನೇತ್ರಾಳಿಗೆ ನಿನ್ನ ಕಾಕಾ ಸಿದ್ರಾಮಪ್ಪನ ಆಶೀರ್ವಾದ.

ನಿನ್ನ ಮೊಬೈಲಿಗೆ ಹದಿನೇಳು ಸಲ ಫೋನ್ ಮಾಡಿದೆ. ಹದಿನೇಳು ಸಲವೂ ಯಾವಳೋ ಒಬ್ಬಳು ಮೊದಲು ಮರಾಠಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ, ಈ ನಂಬರು ಚಾಲ್ತಿಯಲ್ಲಿಲ್ಲ ಎಂದಳು. ಸಾಂಗಲಿಗೆ ಹೋಗಿ ನಿನ್ನ ಅವ್ವನ ಹತ್ತಿರ ಹೊಸ ನಂಬರು ಕೇಳಿದೆ. "ಆಕಿ ಯಾರಿಗೂ ಕೊಡಬ್ಯಾಡ ಅಂದಾಳ್ರಿ" ಎಂದಳು. ಆ 'ಯಾರಿಗೂ' ಎಂಬುದರಲ್ಲಿ ನಾನೂ ಸೇರಿದ್ದೇನೆ ಎಂದು ತಿಳಿದು ಮನಸ್ಸಿಗೆ ನೋವಾಯಿತು. ಕೊನೆಗೆ ನಾಗಪುರದ ನಿನ್ನ ಶಾಲೆಯ ವಿಳಾಸವನ್ನಾದರೂ ಕೊಟ್ಟಳು. ಅಂಚೆಯವನಿಗೆ ನಂಬರು ಬೇಕಾಗಿಲ್ಲವಲ್ಲ.

ದಸರಾ ಕಪ್ ಫುಟ್‌ಬಾಲ್ ಫೈನಲ್ಲಿನ ಮಾತು ಊರಲ್ಲಿ ತಣ್ಣಗಾಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಕಟಿಂಗ್ ಅಂಗಡಿಯಲ್ಲಿ, ಸ್ಟೇಷನ್ನಿನಲ್ಲಿ, ನಮ್ಮ ಅರಿಷಿಣದ ಅಂಗಡಿಗೆ ಬರುವ ಗಿರಾಕಿಗಳ ಬಾಯಲ್ಲಿ ಇನ್ನೂ ಅದೇ. ಎಂಬತ್ತೆಂಟನೆಯ ನಿಮಿಷ, ಕುಪವಾಡದ ನಿಲೇಶನ ಹೊಡೆತ, ಚೆಂಡು ಮೇಲಿನ ಅಡ್ಡಪಟ್ಟಿಗೆ ಬಡಿದು ಬಲಗಂಬದ ಬುಡಕ್ಕೆ ಬಿತ್ತು, ಗೋಲ್‌ಕೀಪರ್ ಅದನ್ನು ಬಾಚಿ ಹೊರಗೆ ಎಳೆದ, ರೆಫರಿಯಾದ ನೀನು ಕೈಯಾಡಿಸಿ ಗೋಲಲ್ಲ ಎಂದೆ. ಲೈನ್ಸ್‌ಮನ್ ಕೆಸರಿನಲ್ಲಿ ಜಾರಿ ಬಿದ್ದಿದ್ದನಾದ್ದರಿಂದ ಅವನನ್ನು ಕೇಳುವ ಹಾಗೂ ಇರಲಿಲ್ಲ. ಕುಪವಾಡ ಒಂದು ಗೋಲಿನಿಂದ ಸೋತಿತು. ಸಂಜೆಯೊಳಗೆ ಕಮಿಟಿಯವರ ಕ್ಯಾಮೆರಾದಿಂದ ಹನ್ನೊಂದು ಸೆಕೆಂಡಿನ ತುಣುಕು ಎಲ್ಲರ ಮೊಬೈಲಿಗೆ ಬಂತು. ಚೆಂಡು ಸುಣ್ಣದ ಗೆರೆಯ ಆಚೆ ಬಿದ್ದದ್ದು ಅದರಲ್ಲಿ ಕಾಣುತ್ತದೆಯಂತೆ. ಅದರ ಕೆಳಗೆ ಜನ ನಿನ್ನ ಬಗ್ಗೆ ಬರೆದದ್ದನ್ನು ನಿನ್ನ ಕಾಕು ಓದಿ ಎರಡು ದಿನ ಊಟ ಬಿಟ್ಟಳು. ನನಗೆ ಆ ಸಣ್ಣ ಪರದೆಯಲ್ಲಿ ಏನೂ ಕಾಣುವುದಿಲ್ಲ. ಕಣ್ಣಿನ ಪೊರೆ ಬಲಿತಿದೆ. ಎದುರಿಗೆ ಬಂದವನು ಗಿರಾಕಿಯೋ ಸಾಲ ಕೇಳಲು ಬಂದ ನೆಂಟನೋ ಎಂಬುದೂ ಹತ್ತಿರ ಬಂದ ಮೇಲೆಯೇ ತಿಳಿಯುತ್ತದೆ.

ಈಗ ವಿಷಯ. ಕಮಿಟಿ ಠರಾವು ಮಾಡಿದೆ. ಜನವರಿ ಮೂವತ್ತೊಂದರೊಳಗೆ ನೀನು ಕುಪವಾಡ ಕ್ಲಬ್ಬಿಗೆ ತಪ್ಪೊಪ್ಪಿಗೆ ಬರೆದುಕೊಡಬೇಕು. ಇಲ್ಲದಿದ್ದರೆ ರೆಫರಿಗಳ ಪಟ್ಟಿಯಿಂದ ನಿನ್ನ ಹೆಸರು ಹೊಡೆದುಹಾಕುತ್ತಾರೆ. ನಮ್ಮ ಮೈದಾನದಲ್ಲಿ ಸೀಟಿ ಹಿಡಿದ ಮೊದಲ ಹೆಣ್ಣುಮಗಳು ನೀನು. ಎಂಟು ವರ್ಷದ ಸೀಟಿ ಅದು. ನಾಲ್ಕು ಸಾಲು ಬರೆದುಬಿಡು ಮಗಳೇ.

ನಿನ್ನ,
ಕಾಕಾ

*

ನಾಗಪುರ
9 ಡಿಸೆಂಬರ್ 2024

ಕಾಕಾ ಅವರಿಗೆ ನೇತ್ರಾಳ ಶರಣು.

ಪತ್ರ ಬಂತು. ನಾನು ಆರಾಮಿದ್ದೇನೆ. ಇಲ್ಲಿ ಮಕ್ಕಳಿಗೆ ಕವಾಯತು, ಓಟ, ಖೊಖೊ ಕಲಿಸುತ್ತೇನೆ. ಫುಟ್‌ಬಾಲ್ ಬೇರೆ ಮಾಸ್ತರರು ನೋಡಿಕೊಳ್ಳುತ್ತಾರೆ. ನಾನೇ ಹಾಗೆ ಕೇಳಿಕೊಂಡೆ.

ಕಮಿಟಿಯವರ ಲಕೋಟೆ ನಿಮ್ಮ ಪತ್ರಕ್ಕಿಂತ ಮೊದಲೇ ಬಂದಿತ್ತು. ಅದರಲ್ಲಿ ಆ ದಿನದ ಅಬ್ಸರ್ವರ್ ಆಗಿ ನೀವು ಕೊಟ್ಟ ರಿಪೋರ್ಟಿನ ನಕಲೂ ಇತ್ತು. "ರೆಫರಿ ಇನ್ನೂ ಸಣ್ಣವಳು, ಒತ್ತಡದಲ್ಲಿ ಎಡವಿದ್ದಾಳೆ, ದೊಡ್ಡ ಮನಸ್ಸಿನಿಂದ ಕ್ಷಮಿಸಬೇಕು." ನಿಮ್ಮ ಸಹಿ ಎಂದಿನಂತೆ ಚೆನ್ನಾಗಿದೆ.

ಕಾಕಾ, ನೀವು ಚೆಂಡು ಬಿದ್ದದ್ದನ್ನು ನೋಡಿದ್ದಿರಾ?

ಅದು ಗೋಲಾಗಿರಲಿಲ್ಲ. ಇಷ್ಟು ಬರೆಯಬಲ್ಲೆ. ಇದಕ್ಕಿಂತ ಹೆಚ್ಚು ನನ್ನನ್ನು ಕೇಳಬೇಡಿ. ಕಾಕುಗೆ ಶರಣು ತಿಳಿಸಿ, ಊಟ ಮಾಡಲು ಹೇಳಿ.

ನೇತ್ರಾ

*

ಮಿರಜ್
16 ಡಿಸೆಂಬರ್ 2024

ಚಿ. ನೇತ್ರಾ,

ನಿನ್ನ ಪತ್ರ ಓದಿ ನಿನ್ನ ಕಾಕು, "ಇದು ಕಾಗದ ಅಲ್ಲರಿ, ಯೆಲ್ಲೋ ಕಾರ್ಡ್ ಐತಿ" ಎಂದಳು. ಮೂವತ್ತೈದು ವರ್ಷ ರೆಫರಿಯ ಜೊತೆ ಸಂಸಾರ ಮಾಡಿದ ಹೆಂಗಸು, ತಪ್ಪು ಹೇಳುವುದಿಲ್ಲ.

ರಿಪೋರ್ಟಿಗೆ ಯಾಕೆ ಸಿಟ್ಟು? ನಿನ್ನನ್ನು ಉಳಿಸಲು ಬರೆದದ್ದು ಅದು. ನೋಡಿದ್ದಿರಾ ಎಂದು ಕೇಳಿದ್ದೀ. ನನ್ನ ಕಣ್ಣು ನೋಡಿಲ್ಲ, ಆದರೆ ಕ್ಯಾಮೆರಾ ನೋಡಿದೆ, ನಾಲ್ಕು ಸಾವಿರ ಜನ ನೋಡಿದ್ದಾರೆ. ಅಷ್ಟು ಜನರ ಎದುರು ನೀನೊಬ್ಬಳೇ ಗೋಲಲ್ಲ ಎಂದು ಹಟ ಹಿಡಿದರೆ ಕುಣಿಯಲಾರದವಳು ಅಂಗಳ ಡೊಂಕು ಎಂದ ಹಾಗಾಗುತ್ತದೆ. ಎಡವಿದೆ ಎಂದು ಒಂದು ಸಲ ಬಾಯಿಬಿಟ್ಟು ಹೇಳು, ಎದೆಯ ಕಲ್ಲು ಇಳಿಯುತ್ತದೆ. ನಾನು ಅನುಭವದ ಮೇಲೆ ಹೇಳುತ್ತಿದ್ದೇನೆ. 1991ರಲ್ಲಿ ಸಾಂಗಲಿಯಲ್ಲಿ, ಹರಿಪುರದ ಜ್ಯೋತೆಪ್ಪ ಎಂಬ ಆಟಗಾರನ ಎದೆಗೆ ತಾಗಿದ ಚೆಂಡನ್ನು ಕೈಗೆ ತಾಗಿತು ಎಂದು ಪೆನಾಲ್ಟಿ ಕೊಟ್ಟೆ. ಅವನ ತಂಡ ಸೋತಿತು. ಎಂಟು ದಿನ ನನಗೆ ನಿದ್ದೆ ಇಲ್ಲ. ಒಂಬತ್ತನೆಯ ದಿನ ಸೈಕಲ್ ಹತ್ತಿ ಹರಿಪುರಕ್ಕೆ ಹೋಗಿ ಹೊಲದಲ್ಲೇ ಅವನನ್ನು ಹಿಡಿದು ನನ್ನದು ತಪ್ಪಾಯಿತು ಎಂದೆ. ಅವನು ಒಂದು ಮಾತೂ ಆಡದೆ ಐದು ಕಿಲೋ ಬದನೆಕಾಯಿ ಕಟ್ಟಿಕೊಟ್ಟ. ಅದು ಸಿಟ್ಟೋ ಪ್ರೀತಿಯೋ ನನಗೆ ಇವತ್ತಿಗೂ ತಿಳಿದಿಲ್ಲ, ಆದರೆ ಆ ರಾತ್ರಿ ನಿದ್ದೆ ಬಂತು.

ಇನ್ನೊಂದು ಸುದ್ದಿ. ಈ ಗದ್ದಲದ ನಂತರ ಕಮಿಟಿಯ ಅಧ್ಯಕ್ಷ ಬಾಪೂಸಾಹೇಬರ ತಲೆಗೆ ಹೊಸ ಹುಳ ಹೊಕ್ಕಿದೆ. ಪೆವಿಲಿಯನ್ ಕೆಳಗೆ ದೊಡ್ಡ ಟಿ.ವಿ. ಇಡುವುದು, ಗೋಲಿನ ಬಗ್ಗೆ, ಪೆನಾಲ್ಟಿಯ ಬಗ್ಗೆ ತಕರಾರು ಬಂದರೆ ರೆಫರಿ ಅಲ್ಲಿಗೆ ಹೋಗಿ ವಿಡಿಯೋ ಹಿಂದೆ ಓಡಿಸಿ ನೋಡಿ ತೀರ್ಮಾನ ಹೇಳುವುದು. ದೊಡ್ಡ ದೊಡ್ಡ ದೇಶಗಳಲ್ಲಿ ನಡೆದಿದೆ, ನಮ್ಮಲ್ಲಿ ಯಾಕೆ ಬೇಡ ಎಂದು ಅವರ ವಾದ. ನಾನು ಸಭೆಯಲ್ಲೇ ಎದ್ದು ಹೇಳಿದೆ: "ಅಲ್ಲಿ ಮೂವತ್ತ ಕ್ಯಾಮೆರಾ ಅದಾವ್ರಿ. ನಮ್ಮಲ್ಲಿ ಒಂದ ಐತಿ, ಅದೂ ಗಾಳಿ ಬಂದ್ರ ಅಳಗ್ಯಾಡತೈತಿ." ರೆಫರಿ ಓಡಿ ಓಡಿ ಟಿ.ವಿ. ನೋಡಲು ಹೋದರೆ ಅವನ ಸೀಟಿಗೆ ಯಾರು ಬೆಲೆ ಕೊಡುತ್ತಾರೆ? ಜನವರಿ ಇಪ್ಪತ್ತೊಂಬತ್ತಕ್ಕೆ ಮತ ಹಾಕುವುದಿದೆ. ನನ್ನ ಕೈ ಮೇಲೇಳುವುದಿಲ್ಲ.

ನಮ್ಮ ಮೈದಾನ ನಂಬಿಕೆಯ ಮೇಲೆ ನಡೆದದ್ದು. ನನ್ನ ಗೆರೆಯ ಮಾನವನ್ನೇ ನೋಡು. ಫೈನಲ್ಲಿನ ದಿನ ಪೆವಿಲಿಯನ್ ಕಡೆಯ ಗೋಲಿನ ಗೆರೆಯನ್ನು ಎಲ್ಲರಿಗಿಂತ ಹಿರಿಯ ರೆಫರಿ ತನ್ನ ಕೈಯಾರೆ ಹಾಕಬೇಕು. ಅವನ ತಲೆಗೆ ಪಟಗಾ ಸುತ್ತುತ್ತಾರೆ, ಕಾಯಿ ಒಡೆಯುತ್ತಾರೆ, ಅವನು ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ ಸುಣ್ಣ ಬಿಡುತ್ತಾನೆ. ಗುರುಸಿದ್ಧಪ್ಪ ಮಾಸ್ತರರ ನಂತರ ಹನ್ನೆರಡು ವರ್ಷದಿಂದ ಅದು ನನ್ನ ಮಾನ. ಹಿರಿಯ ಹಾಕಿದ ಗೆರೆಯನ್ನು ಇನ್ನೊಬ್ಬ ಅಳೆದು ನೋಡುವುದಿಲ್ಲ, ಅದು ಅವನ ಮುಖಕ್ಕೆ ಹೊಡೆದಂತೆ. ಅಂಥ ಜಾಗದಲ್ಲಿ ಟಿ.ವಿ. ತಂದು ಇಡುತ್ತಾರಂತೆ!

ನಾಲ್ಕು ಸಾಲು ಬರೆ. ನಿಲೇಶ ಕೆಟ್ಟ ಹುಡುಗನಲ್ಲ.

ಕಾಕಾ

*

ನಾಗಪುರ
4 ಜನವರಿ 2025

ಕಾಕಾ ಅವರಿಗೆ ಶರಣು.

ತಡವಾಯಿತು. ಮೂರು ಸಲ ಬರೆದು ಹರಿದೆ.

ನಿಲೇಶ ಕೆಟ್ಟವನಲ್ಲ ಎಂಬುದು ನನಗೆ ಗೊತ್ತು. ಆ ದಿನ ನನ್ನ ಮುಂದೆ ನಿಂತು ಅವನು ಬಯ್ಯಲಿಲ್ಲ, ಅತ್ತ. ಇಬ್ಬರೂ ಬೇರೆ ಬೇರೆ ಗೆರೆ ನೋಡುತ್ತಿದ್ದೆವು. ಅವನ ಕಣ್ಣೂ ಸುಳ್ಳು ಹೇಳಲಿಲ್ಲ.

ವಿಡಿಯೋ ಬಗ್ಗೆ ನೀವು ಬರೆದದ್ದನ್ನು ಒಪ್ಪುವುದಿಲ್ಲ. ನನ್ನ ಕೈಯಲ್ಲಿ ಮತವಿದ್ದರೆ ಟಿ.ವಿ. ಇಡಿ ಎಂದೇ ಹಾಕುತ್ತಿದ್ದೆ. ಆ ದಿನ ಮೈದಾನದಲ್ಲಿ ಅದಿದ್ದಿದ್ದರೆ ನಾನೂ ಎರಡೂ ಕ್ಯಾಪ್ಟನ್‌ಗಳೂ ಅದರ ಮುಂದೆ ನಿಂತಿರುತ್ತಿದ್ದೆವು. ಯಾರಾದರೂ ಒಬ್ಬರು, ತಡೀರಿ, ಇನ್ನೊಂದಿಷ್ಟು ಹಿಂದೆ ಓಡಿಸಿ ಎನ್ನುತ್ತಿದ್ದರು. ಆಗ ಕಂಡದ್ದನ್ನು ನಾನೊಬ್ಬಳೇ ಹೊತ್ತುಕೊಂಡು ನಾಗಪುರಕ್ಕೆ ಬರುವುದು ಬೇಕಿರಲಿಲ್ಲ. ಈಗ ಊರಿನವರ ಕೈಯಲ್ಲಿರುವುದು ಹನ್ನೊಂದು ಸೆಕೆಂಡು. ಆಟ ನಡೆದದ್ದು ತೊಂಬತ್ತು ನಿಮಿಷ.

ತಪ್ಪೊಪ್ಪಿಗೆಯ ಕಾಗದ ಬರೆಯುವುದಿಲ್ಲ. ಹೆಸರು ಹೊಡೆದುಹಾಕಲಿ. ಇದರಲ್ಲಿ ಸಿಟ್ಟೇನೂ ಇಲ್ಲ ಎಂದು ಬರೆಯಬೇಕೆಂದಿದ್ದೆ, ಆದರೆ ಇದೆ. ಯಾರ ಮೇಲೆ ಎಂದು ಹೇಳಲು ಬಾಯಿ ಬರುವುದಿಲ್ಲ.

ಕಣ್ಣಿನ ಆಪರೇಶನ್ ಮಾಡಿಸಿಕೊಳ್ಳಿ ಕಾಕಾ. ದೇಶದ ಜನವೆಲ್ಲ ಆಸ್ಪತ್ರೆಗೆಂದು ಮಿರಜಿಗೆ ಬರುತ್ತದೆ, ನೀವು ಮಿರಜಿನಲ್ಲೇ ಇದ್ದು ಕಣ್ಣು ಉಜ್ಜಿಕೊಳ್ಳುತ್ತಾ ಕೂತಿದ್ದೀರಿ.

ನೇತ್ರಾ

*

ಮಿರಜ್
10 ಜನವರಿ 2025

ನೇತ್ರಾ,

ಬಾಯಿ ಬರುವುದಿಲ್ಲವಂತೆ! ಬೆನ್ನ ಹಿಂದೆ ಲೈನ್ಸ್‌ಮನ್‌ಗೆ ನೀನು ಬಯ್ಯುವುದನ್ನು ನಾನು ಕೇಳಿಲ್ಲವೇ?

ನೀನು ಬರೆದದ್ದರಲ್ಲಿ ನನಗೆ ತಿಳಿದದ್ದು ಇಷ್ಟು. ಟಿ.ವಿ. ಇದ್ದಿದ್ದರೆ ನಿನ್ನ ತಪ್ಪು ಅಲ್ಲೇ ತಿದ್ದಿಹೋಗುತ್ತಿತ್ತು ಎನ್ನುತ್ತೀ. ಅಂದರೆ ತಪ್ಪು ಎಂದು ಒಳಗೆ ಒಪ್ಪಿದ್ದೀ, ಮೇಲೆ ಒಪ್ಪಲಾರೆ. ನಿನ್ನಪ್ಪ, ನನ್ನ ಅಣ್ಣ, ಹೀಗೇ ಇದ್ದ. ಅಂಗಡಿಯಲ್ಲಿ ಚೀಲ ತಪ್ಪು ಕಟ್ಟಿದರೂ ದಾರ ಸರಿ ಇರಲಿಲ್ಲ ಎನ್ನುತ್ತಿದ್ದ. ಅವನು ತೀರಿಕೊಂಡ ವರ್ಷ, ಮನೆಯ ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ ನಿನ್ನನ್ನು ಮೈದಾನಕ್ಕೆ ಕರೆದುಕೊಂಡು ಹೋದವನು ನಾನು. ಮೊದಲ ಸಲ ಸೀಟಿ ಊದಿದಾಗ ಇಪ್ಪತ್ತೆರಡು ಗಂಡಸರು ಗಕ್ಕನೆ ನಿಂತರಲ್ಲ, ಆಗ ನಿನ್ನ ಮುಖದಲ್ಲಿ ಬಂದ ನಗು ನನಗೆ ಇನ್ನೂ ನೆನಪಿದೆ. ಅಂಥದ್ದನ್ನು ನಾಲ್ಕು ಸಾಲಿನ ಹಟಕ್ಕೆ ಕಳೆದುಕೊಳ್ಳುತ್ತೀಯಲ್ಲ ಎಂದು ನನ್ನ ಹೊಟ್ಟೆ ಉರಿಯುತ್ತದೆ. ಇದಕ್ಕಿಂತ ಮೆತ್ತಗೆ ಬರೆಯಲು ನನಗೆ ಬರುವುದಿಲ್ಲ.

ನಿನ್ನ ಮಾತು ಕೇಳಿ ಕಣ್ಣಿನ ಆಪರೇಶನ್ನಿಗೆ ಹೆಸರು ಬರೆಸಿದ್ದೇನೆ. ಸಂಕ್ರಮಣದ ಮರುದಿನ. ಕುಸುರೆಳ್ಳು ಕಳಿಸುತ್ತಿದ್ದೇನೆ. ತಿಂದು ಒಳ್ಳೆಯ ಮಾತಾಡು, ಇಲ್ಲವೇ ಸುಮ್ಮನೆ ತಿನ್ನು.

ಕಾಕಾ

*

ಮಿರಜ್
23 ಜನವರಿ 2025

ಮಗಳೇ ನೇತ್ರಾ,

ಹೇಗೆ ಶುರುಮಾಡಬೇಕೋ ತಿಳಿಯುತ್ತಿಲ್ಲ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಆಪರೇಶನ್ ಚೆನ್ನಾಗಿ ಆಯಿತು. ಒಂದು ವಾರ ಬಿಟ್ಟು ಟಿ.ವಿ. ನೋಡಬಹುದು ಎಂದು ಡಾಕ್ಟರು ಹೇಳಿದರು. ನಿನ್ನೆ ಸಂಜೆ ನಿನ್ನ ಕಾಕು, ಹೊಸ ಕಣ್ಣಿನಿಂದ ಮೊದಲು ಏನು ನೋಡುತ್ತೀರಿ ಎಂದು ಕೇಳಿದಳು. ನಾನು ಆ ಫೈನಲ್ ಹಾಕು ಎಂದೆ. ಹನ್ನೊಂದು ಸೆಕೆಂಡಿನ ತುಣುಕಲ್ಲ, ಕಮಿಟಿಯವರು ಯೂಟ್ಯೂಬಿಗೆ ಬಿಟ್ಟ ಪೂರ್ತಿ ಮೂರು ತಾಸಿನದು. ಅದು ಬೆಳಗಿನ ಪೂಜೆಯಿಂದ ಶುರುವಾಗುತ್ತದೆ. ನಾನು ಮುಂದೆ ಓಡಿಸಲು ಹೊರಟೆ. "ತಡೀರಿ, ಪಟಗಾದಾಗ ನೀವು ಹೆಂಗ ಕಾಣತೀರಿ ನೋಡೂನು" ಎಂದು ಅವಳು ಬಿಡಲಿಲ್ಲ.

ಕ್ಯಾಮೆರಾ ಪೆವಿಲಿಯನ್ನಿನ ಮೇಲೆ, ಆ ಗೋಲಿನ ಮಗ್ಗುಲಿಗೇ ಇತ್ತಲ್ಲ. ಎಲ್ಲ ಕನ್ನಡಿಯಂತೆ ಕಂಡಿತು. ನಾನು ಪಟಗಾ ಸುತ್ತಿಕೊಂಡು ಬರುತ್ತೇನೆ. ಎಡಗಂಬಕ್ಕೆ ಹಗ್ಗ ಕಟ್ಟುತ್ತೇನೆ. ನಡೆದುಕೊಂಡು ಬಂದು ಬಲಗಂಬಕ್ಕೆ ಕಟ್ಟುತ್ತೇನೆ. ನನಗೆ ಎದೆ ಉಬ್ಬಿತು. ಆಗ ನಿನ್ನ ಕಾಕು, "ಅಲ್ಲರಿ, ಆ ಕಡೆ ಕಂಬದ ಹಿಂದ ಕಟ್ಟೀರಿ, ಈ ಕಡೆ ಮುಂದ ಕಟ್ಟೀರಿ. ನಾ ಅರಬಿ ಒಣಗಸೂ ಹಗ್ಗಾನೂ ಹಿಂಗ ಕಟ್ಟಂಗಿಲ್ಲ" ಎಂದಳು.

ಐದು ಸಲ ಹಿಂದೆ ಓಡಿಸಿ ನೋಡಿದೆ. ಎಡಗಡೆ ಹಗ್ಗ ಬಲೆಯ ಬದಿಗಿದೆ. ಬಲಗಡೆ ಮೈದಾನದ ಬದಿಗಿದೆ. ನಾನು ಬಿಟ್ಟ ಸುಣ್ಣದ ಗೆರೆ ಬಲಗಂಬದ ಹತ್ತಿರ ಅರ್ಧ ಗೇಣು ಮುಂದೆ ಬಂದಿದೆ. ನಿಲೇಶನ ಚೆಂಡು ಬಿದ್ದದ್ದು ಅಲ್ಲೇ. ಸುಣ್ಣದ ಗೆರೆ ದಾಟಿದೆ, ಕಂಬದ ಗೆರೆ ದಾಟಿಲ್ಲ. ಗೋಲು ಅಂದರೆ ಕಂಬಗಳ ನಡುವೆ ದಾಟಬೇಕು ಎಂದು ನಿನಗೆ ಕಲಿಸಿದವನು ನಾನೇ. ಅದು ಗೋಲಾಗಿರಲಿಲ್ಲ.

ಆಮೇಲೆ ಇನ್ನೊಂದು ಕಂಡಿತು. ಆಟಕ್ಕೆ ಮೊದಲು ನೀನು ಮೈದಾನ ನೋಡಲು ಬಂದೆ. ಬಲಗಂಬದ ಹತ್ತಿರ ನಿಂತೆ. ಬಾಗಿದೆ. ಬೂಟನ್ನು ಗೆರೆಯ ಮೇಲಿಟ್ಟು ಕಂಬಕ್ಕೆ ಎಷ್ಟು ಅಂತರ ಎಂದು ನೋಡಿದೆ. ತಲೆ ಎತ್ತಿ ನನ್ನ ಕಡೆ ನೋಡಿದೆ. ನನಗಾಗ ಬಾಪೂಸಾಹೇಬರು ಹಾರ ಹಾಕುತ್ತಿದ್ದರು. ನೀನು ಎರಡು ಹೆಜ್ಜೆ ನನ್ನ ಕಡೆ ಬಂದೆ, ನಿಂತೆ, ತಿರುಗಿ ಹೋದೆ.

ನೀನು ಮೊದಲೇ ಕಂಡಿದ್ದೆ. ನನ್ನ ಮಾನಕ್ಕೆಂದು ಸುಮ್ಮನಾದೆ. ಆಮೇಲೆ ಊರಿಗೆ ಊರೇ ನಿನ್ನನ್ನು ಬಯ್ದಾಗಲೂ ಸುಮ್ಮನಿದ್ದೆ. ನಾನು ಮಾತ್ರ ನೋಡದ ಚೆಂಡಿಗೆ ರಿಪೋರ್ಟು ಬರೆದು, ತಪ್ಪು ಒಪ್ಪಿಕೋ ಎಂದು ನಿನ್ನನ್ನೇ ಪೀಡಿಸಿದೆ. ಅಂಗಳ ಡೊಂಕು ಎಂಬ ಗಾದೆ ಬೇರೆ ಬರೆದೆ. ಅಂಗಳ ಡೊಂಕು ಮಾಡಿದವನು ನಾನು. ನನ್ನನ್ನು ಕ್ಷಮಿಸು ಎಂದು ಬರೆಯಲೂ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಕ್ಷಮಿಸು ಮಗಳೇ.

ಕಾಕಾ

*

ನಾಗಪುರ
27 ಜನವರಿ 2025

ಪ್ರೀತಿಯ ಕಾಕಾ,

ನಿಮ್ಮ ಪತ್ರವನ್ನು ಸ್ಟಾಫ್ ರೂಮಿನಲ್ಲಿ ಓದಿದೆ. ಅತ್ತುಬಿಟ್ಟೆ. ಜೊತೆಯ ಟೀಚರುಗಳು ಊರಲ್ಲಿ ಯಾರೋ ತೀರಿಕೊಂಡರು ಎಂದು ತಿಳಿದು ಆ ದಿನದ ನನ್ನ ಕ್ಲಾಸಿನ ತಾಸುಗಳನ್ನೆಲ್ಲ ಹಂಚಿಕೊಂಡರು. ಇಲ್ಲ, ಊರಲ್ಲಿ ಒಬ್ಬರಿಗೆ ಕಣ್ಣು ಕಾಣಿಸತೊಡಗಿದೆ ಎಂದು ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ.

ಮೂರು ತಿಂಗಳು ನಿಮ್ಮ ಮೇಲೆ ಸಿಟ್ಟಿತ್ತು. ಗೆರೆಗಲ್ಲ, ಆ ರಿಪೋರ್ಟಿಗೆ. ನೇತ್ರಾ ಹಾಗೆ ಎಡವುವವಳಲ್ಲ, ಏನೋ ಇರಬೇಕು ಎಂದು ನೀವೊಬ್ಬರಾದರೂ ತಡೆದು ಕೇಳುತ್ತೀರಿ ಎಂದುಕೊಂಡಿದ್ದೆ.

ಆದರೆ ಎಲ್ಲವನ್ನೂ ನಿಮ್ಮ ತಲೆಗೆ ಕಟ್ಟುವುದೂ ಸರಿಯಲ್ಲ. ಕಂಡದ್ದನ್ನು ಹೇಳಬೇಕಾದದ್ದು ನನ್ನ ಕೆಲಸವಾಗಿತ್ತು. ಆಟಕ್ಕೆ ಮೊದಲು ಮೈದಾನ ಪರೀಕ್ಷಿಸಿ ಸರಿಯಿಲ್ಲದ್ದನ್ನು ಸರಿ ಮಾಡಿಸುವುದು ರೆಫರಿಯ ಮೊದಲ ಕರ್ತವ್ಯ. ಇದನ್ನೂ ನೀವೇ ಕಲಿಸಿದ್ದು. ಅಳಿಸಿ ಮತ್ತೆ ಹಾಕಲು ಐದು ನಿಮಿಷ ಸಾಕಿತ್ತು. ಪಟಗಾ, ಹಾರ, ಕ್ಯಾಮೆರಾ, ಬಾಪೂಸಾಹೇಬರು, ಅಷ್ಟೂ ಜನ. ಕಾಕಾ ಗೆರೆ ಡೊಂಕಾಗಿದೆ ಎನ್ನಲು ಬಾಯಿ ತೆರೆದೆ, ದನಿಯೇ ಬರಲಿಲ್ಲ. ಆ ಮೂಲೆಗೆ ಚೆಂಡು ಬರಲಾರದು ಎಂದುಕೊಂಡೆ. ತೊಂಬತ್ತು ನಿಮಿಷದಲ್ಲಿ ಒಮ್ಮೆ ಬಂತು. ನಿಲೇಶನಿಗೆ ನಾನು ಮಾಡಿದ ಅನ್ಯಾಯ ಅದು. ಗೆರೆ ನೆಟ್ಟಗಿದ್ದಿದ್ದರೆ ಅವನು ಅಳುತ್ತಿರಲಿಲ್ಲ, ಅಯ್ಯೋ ಒಂದು ಬೆರಳು ಕಡಿಮೆಯಾಯಿತು ಎಂದು ಹಣೆ ಚಚ್ಚಿಕೊಂಡು ಮುಂದೆ ಆಡುತ್ತಿದ್ದ.

ಒಂದೇ ಬೇಡಿಕೆ. ಕಮಿಟಿಗೆ ಇದನ್ನು ಹೇಳಬೇಡಿ. ಹನ್ನೆರಡು ವರ್ಷದ ಮಾನ ನಿಮ್ಮದು. ಎಪ್ಪತ್ತು ವರ್ಷಕ್ಕೆ ಆ ಮೈದಾನದಲ್ಲಿ ನಿಮ್ಮನ್ನು ನೋಡಿ ಯಾರಾದರೂ ನಗುವುದನ್ನು ನಾನು ಸಹಿಸಲಾರೆ. ನಿಮಗೆ ತಿಳಿಯಿತಲ್ಲ, ನನಗೆ ಅಷ್ಟು ಸಾಕು. ಆ ನಾಲ್ಕು ಸಾಲನ್ನು ಬರೆದು ಕಳಿಸುತ್ತೇನೆ, ಇದನ್ನು ಮುಗಿಸಿಬಿಡೋಣ.

ನಿಮ್ಮ
ನೇತ್ರಾ

*

ಮಿರಜ್
2 ಫೆಬ್ರುವರಿ 2025

ಚಿ. ನೇತ್ರಾ,

ನಿನ್ನ ಪತ್ರ ಬಂದದ್ದು ಮೂವತ್ತೊಂದಕ್ಕೆ. ಸಭೆ ಆದದ್ದು ಇಪ್ಪತ್ತೊಂಬತ್ತಕ್ಕೆ. ಆದ್ದರಿಂದ ನಿನ್ನ ಬೇಡಿಕೆ ಆಫ್‌ಸೈಡ್.

ಮೊದಲಿಂದ ಹೇಳುತ್ತೇನೆ. ನಿನ್ನ ಕಾಗದ ಬಂದರೆ ಅಲ್ಲೇ ಕೊಡೋಣ ಎಂದು ನಿಲೇಶನನ್ನೂ ಸಭೆಗೆ ಕರೆಸಿದ್ದರು. ನಾನು ಎದ್ದು ನಿಂತು, ಗೋಡೆಯ ಟಿ.ವಿ. ಹಚ್ಚಿ, ಫೈನಲ್ಲಿನ ವಿಡಿಯೋ ಹಾಕಿ, ಪೂಜೆಯಿಂದಲೇ ಹಾಕಿ ಎಂದೆ. ಮುದುಕನಿಗೆ ತನ್ನ ಪಟಗಾ ನೋಡುವ ಆಸೆ ಎಂದು ಎಲ್ಲರೂ ನಕ್ಕರು. ಹಗ್ಗ ಕಟ್ಟುವಲ್ಲಿ ನಿಲ್ಲಿಸಿ ಎದ್ದು ಹೋಗಿ ಬೆರಳಿಟ್ಟು ತೋರಿಸಿದೆ. ಆಮೇಲೆ ನೀನು ಬಾಗಿ ನೋಡುವುದನ್ನು ತೋರಿಸಿದೆ. ಆಮೇಲೆ ಚೆಂಡು. ನಗು ನಿಂತಿತ್ತು. "ನಾ ನೋಡಲಾರದ ರಿಪೋರ್ಟ್ ಬರದೇನಿ. ಅದನ್ನ ವಾಪಸ್ ತಗೊಂತೀನಿ. ಗೆರಿ ನಂದು, ತಪ್ಪ ನಂದು. ಹುಡಿಗಿ ಖರೇ ಹೇಳಿದ್ಲು" ಎಂದೆ.

ಬಾಪೂಸಾಹೇಬರು ಬಾಗಿಲು ಮುಚ್ಚಿಸಿದರು. ಒಳ್ಳೆಯ ಮನುಷ್ಯ, ನನ್ನ ಮೇಲಿನ ಪ್ರೀತಿಯಿಂದಲೇ ಹೇಳಿದರು: "ಸಿದ್ರಾಮಪ್ಪಾರ, ನೇತ್ರಾನ ಹೆಸರು ಪಟ್ಟ್ಯಾಗ ಇರಲಿ. ಇದನ್ನ ಇಲ್ಲೇ ಬಂದ್ ಮಾಡೂನು. ಈ ನಾಕ ಮಂದ್ಯಾಗ ಇರಲಿ."

ನಾನು ಹೇಳಿದೆ: "ಹುಡಿಗಿ ಮಾನಾ ಹೋಗೂ ಮುಂದ ನಾಕ ಸಾವಿರ ಮಂದಿ ಇದ್ರು. ನಂದು ಹೋಗಾಕ ನಾಕ ಮಂದಿ ಸಾಲಂಗಿಲ್ರಿ."

ಉಪ್ಪು ತಿಂದವನು ನೀರು ಕುಡಿಯಲೇಬೇಕು. ಮುಚ್ಚಿದ ಬಾಗಿಲನ್ನು ನಾನೇ ಹೋಗಿ ತೆರೆದೆ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ನಿಲೇಶ ಸಭೆ ಮುಗಿದ ಕೂಡಲೇ ಎದ್ದು ಹೋದ. ಮರುದಿನ ಫ್ಯಾಕ್ಟರಿಯ ಪಾಳಿ ಮುಗಿಸಿ ನೇರ ಅಂಗಡಿಗೆ ಬಂದ. ಬಯ್ಯುತ್ತಾನೆ ಎಂದು ನಾನು ಎದ್ದು ನಿಂತೆ. "ಕುಂದರ್ರಿ ಕಾಕಾ. ಒಂದ ಖರೇ ಹೇಳ್ರಿ. ನನ್ನ ಚೆಂಡು ಹೋಗಿದ್ದಿಲ್ಲ ಹೌದಿಲ್ಲೋ?" ಎಂದ. "ಹೋಗಿದ್ದಿಲ್ಲಪಾ" ಎಂದೆ. ಸ್ವಲ್ಪ ಹೊತ್ತು ಅರಿಷಿಣದ ಚೀಲದ ಮೇಲೆ ಕೂತ. ಚಹ ಕುಡಿದ. "ಮೂರ ತಿಂಗಳಾತು, ಆ ಗೋಲ್ ನನ್ನ ಕಡಿಂದ ಕಸ್ಕೊಂಡ್ರು ಅಂತ ಒಳಗ ಕುದೀತಿದ್ದೆ. ಈಗ ಹಗೂರ ಆತು. ಅಕ್ಕಾಗ ಬರ ಹೇಳ್ರಿ. ಶಿವರಾತ್ರಿ ಕಪ್ಪಿನ ಫೈನಲ್‌ಗೆ ನಾವು ಬಂದೇವಿ. ಆಕೀನ ರೆಫರಿ ಬೇಕು" ಎಂದ. ಎದ್ದು ಹೋಗುವಾಗ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಮೊಬೈಲಿನಲ್ಲಿ ಏನೋ ಒತ್ತಿದ. ಆ ಹನ್ನೊಂದು ಸೆಕೆಂಡಿನ ತುಣುಕನ್ನು ಮೊದಲು ಹಂಚಿದವನು ಅವನೇ ಅಂತೆ. ಈಗ ಹಗ್ಗ ಕಟ್ಟುವುದರಿಂದ ಹಿಡಿದು ಪೂರ್ತಿಯಾಗಿ ಹಾಕಿದ್ದಾನೆ. ಕೆಳಗೆ ಮರಾಠಿಯಲ್ಲಿ, ತಪ್ಪು ನಮ್ಮೆಲ್ಲರದು, ನೇತ್ರಾ ಅಕ್ಕನ ಕಣ್ಣೊಂದೇ ಸರಿಯಿತ್ತು ಎಂದು ಬರೆದಿದ್ದಾನೆ.

ನಗುವವರು ನಕ್ಕರು. ಕಟಿಂಗ್ ಅಂಗಡಿಯವನು ನಿನ್ನೆ, ಮೀಸೆಯ ಎರಡೂ ಬದಿ ಸಮ ಇವೆಯೋ ನೋಡಿಕೊಳ್ಳಿ ಎಂದು ಕನ್ನಡಿ ಕೊಟ್ಟ. ನಾನೂ ನಕ್ಕೆ. ಸಾಯಲಿಲ್ಲ.

ಇನ್ನು ಮತದ ವಿಷಯ. ಟಿ.ವಿ.ಗೆ ನನ್ನ ಕೈ ಮೇಲೆದ್ದಿತು. ಪ್ರತಿ ತಂಡದ ಕ್ಯಾಪ್ಟನ್ ಒಂದು ಸಲ ಕೇಳಬಹುದು, ರೆಫರಿಗೆ ಅನುಮಾನ ಬಂದರೆ ತಾನೇ ಹೋಗಿ ನೋಡಬಹುದು, ಕೊನೆಯ ಮಾತು ರೆಫರಿಯದೇ. ಒಂದು ಷರತ್ತು ನಾನು ಹಾಕಿಸಿದ್ದೇನೆ: ಗೆರೆಯನ್ನು ಯಾರೇ ಹಾಕಲಿ, ಆಟದ ರೆಫರಿ ಎಲ್ಲರೆದುರು ಟೇಪು ಹಿಡಿದು ಅಳೆಯಬೇಕು, ಆಮೇಲೆಯೇ ಆಟ. ಹಗ್ಗವನ್ನು ನಾನು ಮೇಜಿನ ಮೇಲಿಟ್ಟು ಬಂದೆ. ಇನ್ನೊಬ್ಬ ಹಿರಿಯರಿಗೆ ಕೊಡಲಿ.

ಫೈನಲ್ ಫೆಬ್ರುವರಿ ಇಪ್ಪತ್ತಮೂರು, ಭಾನುವಾರ. ನಿನ್ನ ಹೆಸರು ಪಟ್ಟಿಯಲ್ಲಿದೆ. ಆದರೆ ಜಬರದಸ್ತಿ ಇಲ್ಲ. ನಾಗಪುರದಲ್ಲೇ ನಿನಗೆ ನೆಮ್ಮದಿ ಇದ್ದರೆ ಅದೂ ಸರಿ. ಈ ಸಲ ನಾನು ನಿನ್ನಿಂದ ಏನನ್ನೂ ಬರೆಸಿಕೊಳ್ಳುವುದಿಲ್ಲ.

ನಿನ್ನ ಕಾಕು ಕೇಳುತ್ತಿದ್ದಾಳೆ, ಹುಡುಗಿ ಬಂದರೆ ಹೋಳಿಗೆಯೋ ಕಡುಬೋ ಎಂದು.

ಕಾಕಾ

*

ನಾಗಪುರ
9 ಫೆಬ್ರುವರಿ 2025

ಪ್ರೀತಿಯ ಕಾಕಾ ಅವರಿಗೆ ನೇತ್ರಾಳ ಶರಣು.

ಕಡುಬು.

ನಿಲೇಶ ಹಾಕಿದ ವಿಡಿಯೋವನ್ನು ಇಲ್ಲಿಯ ಫುಟ್‌ಬಾಲ್ ಮಾಸ್ತರರು ನನಗೆ ತೋರಿಸಿದರು. ನಾನು ಬಾಗಿ ನೋಡುವುದನ್ನೂ, ನಿಮ್ಮ ಕಡೆ ಬಂದು ತಿರುಗಿ ಹೋಗುವುದನ್ನೂ ಮೊದಲ ಸಲ ಹೊರಗಿನಿಂದ ನೋಡಿದೆ. ಚೆಂಡು ಬಿದ್ದ ಕ್ಷಣಕ್ಕಿಂತ ಅದನ್ನು ನೋಡುವುದೇ ನನಗೆ ಕಷ್ಟವಾಯಿತು. ಎಷ್ಟು ಹೆದರಿದ್ದೆ! ಮೈದಾನದಲ್ಲಿ ಇಪ್ಪತ್ತೆರಡು ಗಂಡಸರನ್ನು ನಿಲ್ಲಿಸುವವಳು ನನ್ನ ಕಾಕಾನ ಎದುರು ಇನ್ನೂ ಎರಡು ಹೆಜ್ಜೆ ಇಡಲಾರದೆ ಹೋದೆ. ಅದಕ್ಕೇ ಟಿ.ವಿ. ಬೇಕು ಎಂದದ್ದು ಸರಿ ಎಂದು ಮೊದಲು ಅನಿಸಿತು. ಆಮೇಲೆ ಯೋಚಿಸಿದೆ. ಟಿ.ವಿ. ಇರಲಿ, ಒಳ್ಳೆಯದೇ, ನಾನೂ ಓಡಿ ಹೋಗಿ ನೋಡುತ್ತೇನೆ. ಆದರೆ ಆ ದಿನ ನಾನು ಕಾಣದೆ ತಪ್ಪಿದ್ದಲ್ಲವಲ್ಲ. ಕಂಡಿದ್ದೆ.

ಇಪ್ಪತ್ತೊಂದರ ರಾತ್ರಿ ಇಲ್ಲಿಂದ ಹೊರಡುತ್ತೇನೆ. ರಜೆ ಸಿಕ್ಕಿದೆ. ಹೊಸ ನಂಬರನ್ನು ಅವ್ವನಿಗೆ ಹೇಳಿದ್ದೇನೆ, ನಿಮಗೆ ಕೊಡುತ್ತಾಳೆ. ಬೇರೆ ಯಾರಿಗಾದರೂ ಕೊಟ್ಟರೂ ಈಗ ಚಿಂತೆಯಿಲ್ಲ.

ಆದರೆ ನನ್ನದೂ ಒಂದು ಷರತ್ತಿದೆ. ಮೇಜಿನ ಮೇಲಿಟ್ಟು ಬಂದ ಹಗ್ಗವನ್ನು ನೀವು ಮತ್ತೆ ತೆಗೆದುಕೊಳ್ಳಬೇಕು. ಆ ಮಾನ ಇನ್ನೊಬ್ಬರಿಗೆ ಹೋಗುವುದು ನನಗೆ ಬೇಡ. ಬಾಪೂಸಾಹೇಬರಿಗೂ ಬರೆದಿದ್ದೇನೆ. ಪಟಗಾ ಸುತ್ತಿಕೊಂಡು ಬನ್ನಿ, ಕಾಯಿ ಒಡೆಸಿಕೊಳ್ಳಿ, ಹೊಸ ಕಣ್ಣಿನಿಂದ ಹಗ್ಗ ಕಟ್ಟಿ. ನಾನು ಟೇಪು ಹಿಡಿದು ಪಕ್ಕದಲ್ಲಿರುತ್ತೇನೆ. ಸರಿಯಿದ್ದರೆ ಸರಿ ಎನ್ನುತ್ತೇನೆ. ಡೊಂಕಾಗಿದ್ದರೆ ನಾಲ್ಕು ಸಾವಿರ ಜನರೆದುರು ಅಳಿಸಿ ಮತ್ತೆ ಹಾಕಿಸುತ್ತೇನೆ. ನೀವು ಬೇಜಾರು ಮಾಡಿಕೊಳ್ಳುವ ಹಾಗಿಲ್ಲ.

ಇವತ್ತು ಭಾನುವಾರ, ಶಾಲೆಯ ಮೈದಾನ ಖಾಲಿ. ಗೋಲುಕಂಬದ ಹತ್ತಿರ ಹೋಗಿ ನಿಂತೆ. ನೀವು ಎದುರಿಗೆ ಹಾರ ಹಾಕಿಸಿಕೊಂಡು ನಿಂತಿದ್ದೀರಿ ಎಂದುಕೊಂಡು, "ಕಾಕಾ, ಗೆರಿ ಡೊಂಕ ಆಗೈತ್ರಿ, ಅಳಿಸಿ ಮತ್ತ ಹಾಕ್ರಿ" ಎಂದು ಗಟ್ಟಿಯಾಗಿ ಹೇಳಿ ನೋಡಿದೆ. ಗೇಟಿನ ಹತ್ತಿರ ಕೂತಿದ್ದ ವಾಚಮನ್ ಬೆಚ್ಚಿ ಎದ್ದು ನಿಂತ.

ದನಿ ಬಂತು ಕಾಕಾ.

ನಿಮ್ಮ
ನೇತ್ರಾ